ಹಂಚಿನ ಮೇಲೆ ಬೇರಿಂಗು

ನಮ್ಮ ಕಾರಿಗೆ ಹನ್ನೊಂದು ವರ್ಷ, ನನಗೆ ನಲವತ್ತೊಂಬತ್ತು. ಮೈಯಲ್ಲಿ ಅಲ್ಲಿ ಇಲ್ಲಿ ಸದ್ದು ಹುಟ್ಟುವ ವಯಸ್ಸು ಇಬ್ಬರದೂ. ಹಾಗಾಗಿ ಮೇ ತಿಂಗಳಲ್ಲಿ ಕಾರಿನ ಮುಂದಿನ ಗಾಲಿಯಿಂದ ಗುಂಯ್ ಎಂಬ ಸದ್ದು ಶುರುವಾದಾಗ ನಮ್ಮ ಮನೆಯವರು ಮೊದಲ ಎರಡು ದಿನ ತಪ್ಪನ್ನು ರಸ್ತೆಯ ಮೇಲೆ ಹಾಕಿದರು, ಮೂರನೆಯ ದಿನ ಟೈರಿನ ಮೇಲೆ ಹಾಕಿದರು, ನಾಲ್ಕನೆಯ ದಿನ ನನ್ನ ಕಿವಿಯ ಮೇಲೆ ಹಾಕಿದರು. ಐದನೆಯ ದಿನ ಶಿರವಾಳದ ಕ್ರಾಸಿನ ಹತ್ತಿರ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಾವಿನ್ನೂ ದೂರವಿರುವಾಗಲೇ ಎಮ್ಮೆಗಳನ್ನೆಲ್ಲ ಬದಿಗೆ ಒತ್ತಿ ದಾರಿ ಬಿಟ್ಟು ನಿಂತ. ಲಾರಿ ಬರುತ್ತಿದೆ ಎಂದುಕೊಂಡಿದ್ದನಂತೆ. ಅಂದು ಸಂಜೆ ಮನೆಯವರು ಒಪ್ಪಿಕೊಂಡರು. ಬೇರಿಂಗು ಹೋಗಿತ್ತು.

ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಬರುವ ಸೋಮವಾರ ಯಾದಗಿರಿಯಲ್ಲಿ ನನ್ನ ಡ್ರೈವಿಂಗ್ ಪರೀಕ್ಷೆ ಇತ್ತು. ಕಲಿಯುವವರ ಲೈಸೆನ್ಸಿನ ಅವಧಿ ಅದೇ ವಾರದ ಗುರುವಾರ ಮುಗಿಯುತ್ತಿತ್ತು. ಸೋಮವಾರ ತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಕಾಯುವುದು. ಒಂದು ಸಲ ಆಗಲೇ ಫೇಲಾಗಿದ್ದೆ. ಆಗ ಕಾರಿನ ಬಣ್ಣ ಚೆನ್ನಾಗಿದೆಯೆಂದು ಡ್ರೈವಿಂಗ್ ಸ್ಕೂಲಿನವರ ಹೊಸ ಗಾಡಿಯಲ್ಲಿ ಪರೀಕ್ಷೆಗೆ ಹೋಗಿದ್ದೆ. ಅದರ ಕ್ಲಚ್ಚು ನನ್ನ ಕಾಲಿಗೆ ಹೊಂದಲಿಲ್ಲ, ಇನ್ಸ್‌ಪೆಕ್ಟರ್ ಎದುರಿಗೇ ಗಾಡಿ ಮೂರು ಸಲ ಆಫ್ ಆಯಿತು. ಕ್ಲಚ್ಚಿನದೇ ತಪ್ಪು ಎಂದು ನಾನು ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮನೆಯವರು ನಕ್ಕರು. ಎರಡು ದಿನ ಅವರಿಗೆ ನಾನು ಬರೀ ಅನ್ನ ಬಡಿಸಿದೆ, ಮಾತು ಬಡಿಸಲಿಲ್ಲ. ಈ ಸಲ ನನ್ನ ಕೈ ಪಳಗಿದ ನಮ್ಮ ಕಾರಿನಲ್ಲೇ ಹೋಗುವುದೆಂದು ಶಪಥ ಮಾಡಿದ್ದೆ.

ಮದುವೆಯಾಗಿ ಇಪ್ಪತ್ತೆರಡು ವರ್ಷ. ಕಾರು ಬಂದು ಹನ್ನೊಂದು. ಅಲ್ಲಿಯವರೆಗೆ ಬೈಕಿನ ಹಿಂದೆ, ಅಲ್ಲಿಂದ ಮುಂದೆ ಕಾರಿನ ಎಡಗಡೆ. ಮಡಿಲಲ್ಲಿ ಒಮ್ಮೆ ಬುತ್ತಿ, ಒಮ್ಮೆ ಹೂವಿನ ಹಾರ, ಒಮ್ಮೆ ಯಾರದೋ ಕೂಸು. ನಾನು ವನದುರ್ಗದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಶಹಾಪುರದಿಂದ ಹೋಗುವ ಬಸ್ಸು ಒಂದೋ ಒಂದು ಗಂಟೆ ಮೊದಲು ಮುಟ್ಟಿಸುತ್ತದೆ, ಇಲ್ಲವೇ ಪ್ರಾರ್ಥನೆ ಮುಗಿದ ಮೇಲೆ ಮುಟ್ಟಿಸುತ್ತದೆ. ಜೂನಿನಲ್ಲಿ ಶಾಲೆ ತೆರೆದಾಗ ನಾನೇ ಕಾರು ನಡೆಸಿಕೊಂಡು ಗೇಟಿನೊಳಗೆ ಹೋಗಬೇಕು. ಇಷ್ಟೇ ನನ್ನ ಆಸೆ. ಇದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದೆ, ಅದೇ ತೊಡಕು.

ನಮ್ಮ ಮೆಕ್ಯಾನಿಕ್ ಮಗಳ ಮದುವೆಗೆಂದು ಶಟರ್ ಎಳೆದು ಹೋಗಿದ್ದ. ಅವನು ಬರುವುದು ಇನ್ನೊಂದು ವಾರಕ್ಕೆ. ಅವನ ಹೊರತು ಇನ್ನೊಬ್ಬರ ಕೈಗೆ ಕಾರು ಕೊಡುವವರಲ್ಲ ನಮ್ಮವರು. ಅವರು ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರು. ರಜೆ ಬೇರೆ. ಫೋನಿನಲ್ಲಿ ಯಾರೋ ಮನೆಯಂಗಳದಲ್ಲೇ ಬೇರಿಂಗು ಬದಲಿಸುವ ನಾಲ್ಕು ವಿಡಿಯೊ ನೋಡಿದರು. ಐದನೆಯದನ್ನು ನೋಡುವ ಹೊತ್ತಿಗೆ ಅವರ ಕುತ್ತಿಗೆಯಲ್ಲಿ ಟವೆಲ್ಲು ಬಂದಿತ್ತು. ಗಂಡಸರು ಕುತ್ತಿಗೆಗೆ ಟವೆಲ್ಲು ಹಾಕಿಕೊಂಡರೆ ಮುಗಿಯಿತು, ಇನ್ನು ಬ್ರಹ್ಮ ಬಂದು ಹೇಳಿದರೂ ಕೇಳುವುದಿಲ್ಲ. ಶಹಾಪುರದ ಬಿಡಿಭಾಗದ ಅಂಗಡಿಯಲ್ಲಿ ನಮ್ಮ ಕಾರಿಗೆ ಹೊಂದುವ ಬೇರಿಂಗು ಒಂದೇ ಒಂದು ಇತ್ತು. ಶುಕ್ರವಾರ ಸಂಜೆ ಅದು ಮನೆಗೆ ಬಂತು.

ಶನಿವಾರ ಬೆಳಿಗ್ಗೆ ಮೊದಲ ಜಗಳ ಎಡ ಬಲಗಳದು. ಕಾರು ಬಲಕ್ಕೆ ತಿರುಗಿದಾಗ ಸದ್ದು ಜೋರಾಗುತ್ತಿತ್ತು, ಎಡಕ್ಕೆ ತಿರುಗಿದಾಗ ಕಡಿಮೆಯಾಗುತ್ತಿತ್ತು. ಬಲಕ್ಕೆ ತಿರುಗಿದಾಗ ಕೂಗುವುದು ಬಲಗಾಲಿಯೇ ಎಂದು ವಿಜ್ಞಾನದ ಮಾಸ್ತರ ತೀರ್ಮಾನ. ನಾನು ಒಪ್ಪಲಿಲ್ಲ. ಹೊಟ್ಟು ಹೇರಿದ ಬಂಡಿ ಬಲಕ್ಕೆ ತಿರುಗಿದರೆ ಹೊರೆ ಎಡಕ್ಕೆ ವಾಲುತ್ತದೆ, ಭಾರ ಬೀಳುವುದು ಎಡಗಾಲಿಗೆ, ಅಳುವುದೂ ಅದೇ ಎಂದೆ. ಬಂಡಿಗೂ ಕಾರಿಗೂ ಎಲ್ಲಿಂದೆಲ್ಲಿಯ ನಂಟು ಎಂದು ಅವರು ಬಲಗಡೆಗೇ ಜಾಕಿ ಕೊಟ್ಟರು. ಆ ಗಾಲಿ ಬೆಣ್ಣೆಯ ಹಾಗೆ ಸದ್ದಿಲ್ಲದೆ ತಿರುಗಿತು. ಅರ್ಧ ತಾಸು ಬಿಟ್ಟು ಎಡಗಡೆ ಎತ್ತಿ ತಿರುಗಿಸಿದರೆ ಜೋಳ ಬೀಸಿದ ಸದ್ದು. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬಲಗಡೆ ಸರಿ ಇದೆಯೆಂದು ಖಚಿತ ಮಾಡಿಕೊಳ್ಳಲೆಂದೇ ಮೊದಲು ಅದನ್ನು ನೋಡಿದೆ ಎಂದರು. ಆದರೆ ಆ ಹೊತ್ತಿನಿಂದ ನಾನು ಹೇಳಿದ್ದಕ್ಕೆ ಅವರು ಎದುರಾಡುವುದನ್ನು ನಿಲ್ಲಿಸಿಬಿಟ್ಟರು. ಅದೇ ಮುಂದೆ ನಮಗೆ ಮುಳುವಾಯಿತು.

ನಾನು ಬಂಡಿಯ ಮಾತೆತ್ತಿದ್ದು ಸುಮ್ಮನೆ ಅಲ್ಲ. ನಾನು ಶಿರವಾಳದ ಕಂಬಾರರ ಮಗಳು. ಹಳೆಯ ಗುಡಿಗಳಿರುವ ಆ ಊರಿನಲ್ಲಿ ನಮ್ಮಪ್ಪ ಈಗಲೂ ಕುಲುಮೆ ಹೊತ್ತಿಸುತ್ತಾನೆ. ವಯಸ್ಸು ಎಪ್ಪತ್ತೆಂಟಾದರೂ ಬೆಳಿಗ್ಗೆ ಎರಡು ಕುಡಗೋಲು ಬಡಿಯದೆ ಉಂಡವನಲ್ಲ. ನಾನು ಏಳನೆಯ ಇಯತ್ತೆಯವರೆಗೆ ಅಲ್ಲಿ ತಿದಿ ಒತ್ತಿದವಳು. ತಂಗಿಯರು ಹೂ ಕಟ್ಟಲು ಕಲಿತ ವಯಸ್ಸಿನಲ್ಲಿ ನಾನು ಕಬ್ಬಿಣದ ಬಣ್ಣ ನೋಡಿ ಎಷ್ಟು ಕಾದಿದೆ ಎಂದು ಹೇಳುತ್ತಿದ್ದೆ. ಮದುವೆಯಾದ ಮೇಲೆ ಈ ವಿದ್ಯೆ ಯಾವ ಕೆಲಸಕ್ಕೂ ಬಂದಿರಲಿಲ್ಲ. ಒಮ್ಮೆ ಇಸ್ತ್ರಿಪೆಟ್ಟಿಗೆ ಕೆಟ್ಟಾಗ ಸ್ವಲ್ಪ ಬಂದಿತ್ತು.

ಬಿಚ್ಚುವ ಕೆಲಸದಲ್ಲೇ ಮಧ್ಯಾಹ್ನವಾಯಿತು. ಗಾಲಿಯ ನಡುವಿನ ದೊಡ್ಡ ನಟ್ಟು ಬಿಚ್ಚಲು ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಮಾರುದ್ದದ ಪೈಪು ಸಿಕ್ಕಿಸಿ ಅದರ ಮೇಲೆ ಮನೆಯವರು ನಿಂತರು. ಸಾಲಲಿಲ್ಲ, ಹಿಂದಿನಿಂದ ಅವರ ಹೆಗಲು ಹಿಡಿದು ನಾನೂ ಹತ್ತಿದೆ. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಂದೆವು, ನಟ್ಟೂ ಬಂತು. ಪಕ್ಕದ ಮನೆಯ ಖಾಲಾ ಕಾಂಪೌಂಡಿನ ಮೇಲಿಂದ ಇದನ್ನೆಲ್ಲ ನೋಡುತ್ತಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆಕೆ ನಮ್ಮ ಓಣಿಯಲ್ಲಿ ಕುಲ್ಫಿ ಮಾಡಿ ಮಾರುವ ಹೆಂಗಸು, ಬೇಸಿಗೆಯಲ್ಲಿ ಆಕೆಗೆ ಉಸಿರಾಡಲು ಪುರಸೊತ್ತಿಲ್ಲ. ಆದರೂ ಅಂದು ಅಲ್ಲೇ ನಿಂತಿದ್ದಳು.

ಗಾಲಿ ಬಿಚ್ಚಿ, ಬ್ರೇಕು ಬಿಚ್ಚಿ ತಂತಿಯಿಂದ ಮೇಲೆ ಕಟ್ಟಿದ ಮೇಲೆ ಒಳಗೆ ಸಿಗುವುದು ಎರಕದ ಒಂದು ದಪ್ಪ ತುಂಡು. ಅದರ ನಡುವಿನ ದುಂಡನೆಯ ಮನೆಯಲ್ಲಿ ಬೇರಿಂಗು ಗಟ್ಟಿಯಾಗಿ ಕೂತಿರುತ್ತದೆ. ಆ ತುಂಡಿಗೆ ಮೆಕ್ಯಾನಿಕರು ನಕಲ್ ಎನ್ನುತ್ತಾರಂತೆ. ಅದನ್ನೂ ಕಾರಿನಿಂದ ಬಿಚ್ಚಿ ಅಂಗಳದಲ್ಲಿಟ್ಟೆವು. ಪರೀಕ್ಷೆಗೆ ಎರಡು ದಿನವಿರುವಾಗ ನಕಲು ಹಿಡಿದುಕೊಂಡು ಕೂತಿದ್ದೇನಲ್ಲ, ಮಕ್ಕಳಿಗೆ ಗೊತ್ತಾದರೆ ನನ್ನ ಮಾನ ಉಳಿದೀತೇ ಎಂದೆ. ಮನೆಯವರು ನಗಲಿಲ್ಲ. ಬೇರಿಂಗು ಈಚೆ ಸರಿಯದಂತೆ ತಡೆಯುವ ಉಕ್ಕಿನ ತೆಳು ಬಳೆಯೊಂದಿತ್ತು, ಅದಕ್ಕೆ ಲಾಕ್ ಎನ್ನುತ್ತಾರೆ. ಅದು ಇಕ್ಕಳದಿಂದ ಜಾರಿ ಅವರ ಹುಬ್ಬಿಗೆ ಹಾರಿತ್ತು. ಕೊನೆಗೆ ಪೈಪಿನ ತುಂಡು ಇಟ್ಟು ಬಡಿದು ಹಳೆಯ ಬೇರಿಂಗನ್ನು ಹೊರಗೆ ಹಾಕಿದರು. ನಲವತ್ತು ಏಟು ಬೇಕಾದವು. ನಾನು ಒಂದೊಂದನ್ನೂ ಎಣಿಸಿದ್ದೇನೆ, ಯಾಕೆಂದರೆ ಒಂದೊಂದು ಏಟಿಗೂ ನನ್ನ ಎದೆಯೊಳಗೆ ಅಪ್ಪ ಗದರುತ್ತಿದ್ದ.

ಅಪ್ಪನ ರೀತಿಯೇ ಬೇರೆ. ಕಟ್ಟಿಗೆಯ ಗಾಲಿಗೆ ಸುತ್ತಲೂ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದಕ್ಕೆ ಹಳಿ ಎನ್ನುತ್ತಾರೆ. ಹಳಿಯ ಅಳತೆ ಗಾಲಿಗಿಂತ ಒಂದು ಕೂದಲು ಚಿಕ್ಕದು. ಬಡಿದು ಏರಿಸಲು ಹೋದರೆ ಗಾಲಿ ಒಡೆಯುತ್ತದೆ. ಅದಕ್ಕೆ ನೆಲದ ಮೇಲೆ ಹಳಿ ಇಟ್ಟು, ಸುತ್ತ ಸಗಣಿಯ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಿದ್ದರು. ಕಾದು ಕೆಂಪಾದ ಹಳಿ ಹಿಗ್ಗುತ್ತಿತ್ತು. ಮೂರು ಮಂದಿ ಇಕ್ಕಳದಿಂದ ಎತ್ತಿ ಗಾಲಿಯ ಮೇಲೆ ತರುವಾಗ ಯಾರೂ ಮಾತಾಡುವ ಹಾಗಿರಲಿಲ್ಲ, ಕೆಮ್ಮುವ ಹಾಗೂ ಇರಲಿಲ್ಲ. ಅಪ್ಪ ಒಬ್ಬನೇ ಹಳಿಯ ಕಡೆ ತಲೆ ಬಾಗಿಸಿ, ಮನೆಗೆ ಬಂದ ಬೀಗರಿಗೆ ಹೇಳುವ ಹಾಗೆ, "ಬರ್ರಿ, ಕೂಡ್ರಿ" ಅನ್ನುತ್ತಿದ್ದ. ಹಳಿ ಇಳಿದು ಕೂಡುತ್ತಿತ್ತು. ನಾವು ಕೊಡದಿಂದ ನೀರು ಸುರಿಯುತ್ತಿದ್ದೆವು. ಚುಂಯ್ ಎಂದು ಹೊಗೆ ಎದ್ದು, ಹಳಿ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಕಬ್ಬಿಣ ಬಡಿದರೆ ಬರುವುದಿಲ್ಲ, ಕರೆದರೆ ಬರುತ್ತದೆ ಎಂದು ಅಪ್ಪ ಹೇಳುವ ಮಾತು. ನಮ್ಮ ಕಡೆ ಕೂಡು ಅಂದರೆ ಆಸನದ ಮೇಲೆ ಕೂಡುವುದೂ ಹೌದು, ಒಂದರೊಳಗೊಂದು ಹೊಂದುವುದೂ ಹೌದು, ಲೆಕ್ಕ ಕೂಡುವುದೂ ಹೌದು. ಕನ್ನಡ ಕಲಿಸುವವಳಾದರೂ ಈ ಪದವನ್ನು ನಾನು ಕಲಿತದ್ದು ಕುಲುಮೆಯಲ್ಲಿ.

ಆದ್ದರಿಂದ ಮನೆಯವರು ಹೊಸ ಬೇರಿಂಗನ್ನು ನಕಲ್ಲಿನ ಬಾಯಿಗಿಟ್ಟು ಸುತ್ತಿಗೆ ಎತ್ತಿದಾಗ ನಾನು ಅವರ ಮೊಣಕೈ ಹಿಡಿದೆ. ಬಡಿಯುವುದು ಬೇಡ, ಕಾಯಿಸಿ ಕೂಡಿಸೋಣ, ಇದು ನಮ್ಮ ಮನೆತನದ ವಿದ್ಯೆ ಎಂದೆ. ಬೇರಿಂಗು ಬಳೆಯ ಹಾಗೆ ದುಂಡಗಿತ್ತು. ನಮ್ಮಪ್ಪನ ಅಂಗಳದಲ್ಲಿ ಕಾಯಿಸುವುದು ಯಾವಾಗಲೂ ದುಂಡಗಿನ ಬಳೆಯನ್ನೇ. ಎರಡನೆಯ ಯೋಚನೆ ನನಗೆ ಬರಲೇ ಇಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮದುಮಗಳ ಹಾಗೆ ಅಡುಗೆಮನೆಗೆ ನಡೆದೆ. ರೊಟ್ಟಿಯ ಹಂಚು ಒಲೆಯ ಮೇಲಿತ್ತು. ಉರಿ ದೊಡ್ಡದು ಮಾಡಿ ಬೇರಿಂಗನ್ನು ಹಂಚಿನ ನಡುವೆ ಇಟ್ಟೆ. ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಅವರಿಗೆ ಕಬ್ಬಿಣ ಹಿಗ್ಗುವ ಪಾಠ ಹೇಳುತ್ತಿದ್ದೆ. ನೆನಪಿರಲಿ, ಅವರು ಇಪ್ಪತ್ತಾರು ವರ್ಷದಿಂದ ಎಂಟನೆಯ ಇಯತ್ತೆಗೆ ಅದೇ ಪಾಠ ಮಾಡುತ್ತ ಬಂದವರು.

ಮೊದಲು ಬೇರಿಂಗಿನ ಒಳಗಿನ ಗ್ರೀಸು ಕರಗಿ ಹಂಚಿನ ಮೇಲೆ ಹರಿಯಿತು. ಆಮೇಲೆ ಅಂಚಿನ ರಬ್ಬರು ಸುಟ್ಟ ವಾಸನೆ ಬಂತು. ನಾನು ಹೆದರಲಿಲ್ಲ, ಇದೆಲ್ಲ ಆಗುವುದೇ ಎಂದುಕೊಂಡು ಇಕ್ಕಳದಲ್ಲಿ ಎತ್ತಿಕೊಂಡು ಅಂಗಳಕ್ಕೆ ಓಡಿದೆ. ನಕಲ್ಲಿನ ಮುಂದೆ ಬಾಗಿ, ಅಪ್ಪ ಹೇಳುತ್ತಿದ್ದ ಹಾಗೆಯೇ "ಬರ್ರಿ, ಕೂಡ್ರಿ" ಎಂದೆ. ಬೇರಿಂಗು ಬಾಯಿಯ ಮೇಲೆ ಅಡ್ಡಲಾಗಿ ಕೂತಿತು. ಒಳಗೆ ಒಂದು ಎಳೆಯಷ್ಟೂ ಇಳಿಯಲಿಲ್ಲ. ಬೆಳಿಗ್ಗೆ ಎಷ್ಟು ದೊಡ್ಡದಿತ್ತೋ ಈಗ ಅದಕ್ಕಿಂತ ದೊಡ್ಡದಾಗಿತ್ತು. ಹಿಗ್ಗಿದ್ದನ್ನು ಒಳಗೆ ತುರುಕಲು ಹೊರಟಿದ್ದೆ ನಾನು. ಹಳಿ ಗಾಲಿಯ ಹೊರಗೆ ಕೂಡುತ್ತದೆ, ಬೇರಿಂಗು ಒಳಗೆ ಕೂಡುತ್ತದೆ. ಇದು ತಲೆಗೆ ಹೊಳೆಯುವ ಹೊತ್ತಿಗೆ ರಬ್ಬರು ಕರಗಿ ಬೇರಿಂಗಿನ ಗುಂಡುಗಳೆಲ್ಲ ಹಲ್ಲು ಕಿಸಿದ ಹಾಗೆ ಕಾಣುತ್ತಿದ್ದವು.

ನನಗೆ ಅಳು ಬಂತು. ಅದನ್ನು ಮುಚ್ಚಲು ಸಿಟ್ಟು ಮಾಡಿದೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಅವರ ಮೇಲೆ ಹರಿಹಾಯ್ದೆ. ಬೆಳಿಗ್ಗೆಯ ಎಡ ಬಲದ ಸೇಡು ತೀರಿಸಿಕೊಂಡಿರಾ ಎಂದೂ ಕೇಳಿದೆ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತರು. "ಹೇಳಬೇಕಂತ ಬಾಯಿ ತನಕ ಬಂದಿತ್ತು," ಎಂದರು. "ಆದ್ರ ನಿನ್ನ ಮುಖದ ಮ್ಯಾಲ ಅಷ್ಟು ಖುಷಿ ನಾ ಯಾವಾಗೂ ನೋಡಿದ್ದಿಲ್ಲ. ಅದನ್ನ ಹ್ಯಾಂಗ ಮುರೀಲಿ?"

ಒಂದು ಬೇರಿಂಗು ಹಾಳಾದರೂ ಆ ಮಾತು ಕೇಳಿದ್ದು ಒಳ್ಳೆಯದಾಯಿತು ಎಂದು ಇಂದಿಗೂ ಅನ್ನಿಸುತ್ತದೆ. ಒಳಗೆ ಹೋಗಿ ಚಹಾ ಇಟ್ಟೆ. ಹಂಚು ತಿಕ್ಕಲು ಎರಡು ಹಿಡಿ ಬೂದಿ ಬೇಕಾಯಿತು. ಆ ರಾತ್ರಿಯ ರೊಟ್ಟಿಗೆ ಗಾಡಿಯ ವಾಸನೆ ಇತ್ತು, ಇಬ್ಬರೂ ಚಟ್ನಿಪುಡಿ ಹೆಚ್ಚು ಹಾಕಿಕೊಂಡು ತಿಂದೆವು.

ಆದರೆ ಚಹಾದ ಲೋಟ ಹಿಡಿದಾಗಲೇ ಮುಂದಿನ ಯೋಚನೆ ಕೂಡಿತ್ತು. ಹೊರಗಿನದು ಬಿಸಿಯಾಗಬೇಕು, ಒಳಗಿನದು ತಣ್ಣಗಾಗಬೇಕು. ಅರ್ಧ ಅವರ ವಿಜ್ಞಾನ, ಅರ್ಧ ನನ್ನ ಕುಲುಮೆ. ಮನೆಯವರು ಸುರಪುರದ ಒಂದು ಬಿಡಿಭಾಗದ ಅಂಗಡಿಗೆ ಫೋನು ಹಚ್ಚಿದರು. ಅಂಥದೇ ಬೇರಿಂಗು ಇದೆಯಂತೆ, ಭಾನುವಾರ ಅಂಗಡಿ ಮುಚ್ಚಿದ್ದರೂ ಮನೆ ಹಿಂದೆಯೇ ಇದೆ, ಬಂದು ಕೂಗಿದರೆ ಶಟರ್ ಎತ್ತಿ ಕೊಡುತ್ತೇನೆ ಎಂದನಂತೆ ಆ ಪುಣ್ಯಾತ್ಮ. ಭಾನುವಾರ ಮೊದಲ ಬಸ್ಸಿಗೆ ಹೋದವರು ಹತ್ತೂವರೆಗೆ ತಿರುಗಿ ಬಂದರು. ಬೇರಿಂಗನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಮೇಲಿಂದ ಕೈ ಒತ್ತಿ ಹಿಡಿದಿದ್ದರು. ನನ್ನ ಕೈಗೆ ಕೊಡುವ ಮೊದಲು ಒಲೆ ಆರಿದೆಯೇ ಎಂದು ಕೇಳಿದರು.

ನಮ್ಮ ಫ್ರಿಜ್ಜಿನಲ್ಲಿ ನೀರು ತಣ್ಣಗಾಗುವುದೇ ಹೆಚ್ಚು. ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಟೀಲಿನ ಡಬ್ಬಿಯಲ್ಲಿಟ್ಟು ಖಾಲಾಳ ಮನೆಗೆ ಹೋದೆ. ಆಕೆಯ ಕುಲ್ಫಿ ಪೆಟ್ಟಿಗೆ ನಮ್ಮ ಓಣಿಯಲ್ಲೇ ಅತ್ಯಂತ ತಣ್ಣನೆಯ ಜಾಗ. ಮದುವೆಯ ಆರ್ಡರಿನ ಕುಲ್ಫಿಗಳನ್ನು ಸರಿಸಿ ಆಕೆ ತಳದಲ್ಲಿ ಜಾಗ ಮಾಡಿಕೊಟ್ಟಳು. ಡಬ್ಬಿ ತೆರೆದು ನೋಡಿ, ಮುಖ ಗಂಭೀರ ಮಾಡಿಕೊಂಡು ಕೇಳಿದಳು: "ಇದಕ್ಕೂ ಕಡ್ಡಿ ಚುಚ್ಚಲೇನ್ರಿ ಟೀಚರ್?"

ಇತ್ತ ನಕಲ್ಲನ್ನು ಮಾಳಿಗೆಯ ಮೇಲೆ ಫರಸಿ ಕಲ್ಲಿನ ಮೇಲೆ ಬಿಸಿಲಿಗೆ ಇಟ್ಟೆವು. ನಮ್ಮ ಕಡೆಯ ಬಿಸಿಲನ್ನು ನಾನು ಹುಟ್ಟಿದಾಗಿನಿಂದ ಬೈಯುತ್ತ ಬಂದಿದ್ದೇನೆ. ನಲ್ಲಿ ತಿರುಗಿಸಿದರೆ ಚಹಾಕ್ಕಾಗುವ ನೀರು, ಮಂಚದ ಮೇಲೆ ಬೆನ್ನಿಟ್ಟರೆ ಹಪ್ಪಳ ಸುಟ್ಟ ಹಾಗೆ. ಅಂದು ಮಾತ್ರ ಮೇಲೆ ನೋಡಿ, ಇನ್ನೊಂದಿಷ್ಟು ಕಾಯಪ್ಪ ಎಂದು ಕೈ ಮುಗಿದೆ. ಎದುರಿಗೆ ನಮ್ಮೂರಿನ ಗುಡ್ಡ ಅಂಗಾತ ಮಲಗಿ ತಾನೂ ಕಾಯುತ್ತಿತ್ತು. ಒಂದು ಗಂಟೆಗೆ ನಕಲ್ಲಿನ ಮೇಲೆ ನೀರಿನ ಹನಿ ಚಿಮುಕಿಸಿ ನೋಡಿದೆ, ಕಣ್ಣು ಪಿಳುಕಿಸುವುದರೊಳಗೆ ಆರಿತು. ಎರಡೂವರೆಗೆ ಮುಟ್ಟಲು ಆಗಲಿಲ್ಲ. ಮನೆಯವರು ಇನ್ನಷ್ಟು ಇರಲಿ ಎಂದರು, ನಾನು ಇಷ್ಟೇ ಸಾಕು ಎಂದೆ. ಕಬ್ಬಿಣ ಸಾಕೆಂದಾಗ ಎತ್ತಬೇಕು, ನಮಗೆ ಸಾಕೆಂದಾಗ ಅಲ್ಲ. ಇದೂ ಅಪ್ಪನ ಮಾತೇ.

ಖಾಲಾ ತಾನೇ ಡಬ್ಬಿ ಹಿಡಿದುಕೊಂಡು ಮಾಳಿಗೆ ಹತ್ತಿ ಬಂದಳು. ಬೇರಿಂಗಿನ ಮೈಮೇಲೆ ಬಿಳಿ ಹಿಮ ಕೂತಿತ್ತು. ಮನೆಯವರು ಒದ್ದೆ ಬಟ್ಟೆಯಿಂದ ನಕಲ್ಲನ್ನು ಅಲುಗಾಡದಂತೆ ಹಿಡಿದರು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಹಿಮ ಒರೆಸಿ, ಬೇರಿಂಗನ್ನು ನೇರ ಹಿಡಿದು, ನಕಲ್ಲಿನ ಬಾಯಿಗೆ ತಂದೆ. ಯಾರೂ ಮಾತಾಡಲಿಲ್ಲ. ಹೇಳಬೇಕೋ ಬೇಡವೋ ಎಂದು ಒಂದು ಗಳಿಗೆ ನಾಚಿಕೆಯಾಯಿತು, ನಿನ್ನೆಯ ಅವಮಾನ ಇನ್ನೂ ಹಸಿ ಇತ್ತು.

"ಬರ್ರಿ, ಕೂಡ್ರಿ."

ಅದು ಇಳಿಯಿತು. ಏಟಿಲ್ಲದೆ, ಒತ್ತಾಯವಿಲ್ಲದೆ, ಉಡಿಯಲ್ಲಿ ಕೊಬ್ಬರಿ ಹಾಕಿದಷ್ಟು ಸಲೀಸಾಗಿ ಮುಕ್ಕಾಲು ಪಾಲು ಒಳಗೆ ಇಳಿಯಿತು. ಅಲ್ಲಿಗೆ ಬೇರಿಂಗಿಗೆ ಬಿಸಿ ತಾಗಿ ನಿಂತುಬಿಟ್ಟಿತು. ಈಗ ಮನೆಯವರ ಸರದಿ. ಅವರು ಮೊದಲೇ ತಯಾರಾಗಿದ್ದರು. ಮೊಳದುದ್ದದ ಒಂದು ಬೋಲ್ಟು, ಎರಡು ದಪ್ಪ ತಗಡು, ಹಳೆಯ ಬೇರಿಂಗಿನಿಂದ ಬಿಡಿಸಿದ ಹೊರಗಿನ ಬಳೆ. ಆ ಹಳೆಯ ಬಳೆಯನ್ನು ಹೊಸದರ ಹೊರಗಿನ ಅಂಚಿಗೆ ಸರಿಯಾಗಿ ಇಟ್ಟು, ಬೋಲ್ಟು ತೂರಿಸಿ, ಆಚೀಚೆ ತಗಡು ಹಾಕಿ ನಟ್ಟು ಬಿಗಿಯುತ್ತಾ ಹೋದರು. ಒಳಗಿನ ಬಳೆಯನ್ನು ಒತ್ತಿದರೆ ಗುಂಡುಗಳಿಗೆ ಪೆಟ್ಟು, ಅದಕ್ಕೇ ಹೊರಗಿನದನ್ನೇ ಒತ್ತಬೇಕು ಎಂದು ಖಾಲಾಗೆ ವಿವರಿಸುತ್ತಲೂ ಇದ್ದರು. ಪಾನಾ ಕಾಲು ಸುತ್ತು, ಮತ್ತೆ ಕಾಲು ಸುತ್ತು. ನಾನು ಬಗ್ಗಿ ನೋಡುತ್ತಿದ್ದೆ. ಲಾಕ್ ಕೂಡಬೇಕಾದ ಗೀರು ಮೊದಲು ಅರ್ಧ ಕಂಡಿತು, ಆಮೇಲೆ ಪೂರ್ತಿ ಕಂಡಿತು. ಉಕ್ಕಿನ ಬಳೆಯನ್ನು ಇಕ್ಕಳದಿಂದ ಕಿರಿದು ಮಾಡಿ ಒಳಗೆ ಬಿಟ್ಟಾಗ ಅದು ಟಿಕ್ ಎಂದು ತನ್ನ ಜಾಗದಲ್ಲಿ ಕೂತಿತು. ಆ ಸದ್ದಿಗೆ ನಾನು ಮಾಳಿಗೆಯ ಮೇಲೆ ಬರಿಗಾಲಲ್ಲಿ ಕುಣಿದುಬಿಟ್ಟೆ. ಕಲ್ಲು ಕಾದಿತ್ತು, ಹಾಗಾಗಿ ಖುಷಿಗೆ ಕುಣಿದೆನೋ ಕಾಲು ಸುಟ್ಟು ಕುಣಿದೆನೋ ಎಂದು ಖಾಲಾ ಇವತ್ತಿಗೂ ಕೇಳುತ್ತಾಳೆ.

ಉಳಿದದ್ದು ಬಿಚ್ಚಿದ್ದನ್ನು ಕೊನೆಯಿಂದ ಮೊದಲಿಗೆ ಜೋಡಿಸುವುದು. ಐದೂವರೆಗೆ ಗಾಲಿ ನೆಲಕ್ಕೆ ಇಳಿಯಿತು. ಒಂದು ವಾಷರ್ ಉಳಿಯಿತು, ಅದು ನಮ್ಮದಲ್ಲವೆಂದು ಇಬ್ಬರೂ ಬಹಳ ಹೊತ್ತು ವಾದಿಸಿದೆವು, ಕೊನೆಗೆ ಮಿಕ್ಸರಿನದೆಂದು ಗೊತ್ತಾಯಿತು. ನಾನು ಕಾರು ಹೊರಗೆ ತೆಗೆದು ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದೆ. ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ. ಸದ್ದಿಲ್ಲ. ಎಷ್ಟು ಸದ್ದಿಲ್ಲವೆಂದರೆ ಮನೆಯವರ ಉಸಿರು ಕೇಳಿಸುತ್ತಿತ್ತು, ನಾನು ಕ್ಲಚ್ಚು ಬಿಟ್ಟಾಗಲೆಲ್ಲ ಅವರು ಉಸಿರು ಹಿಡಿಯುವುದೂ ಕೇಳಿಸುತ್ತಿತ್ತು.

ಸೋಮವಾರ ನಾನೇ ಯಾದಗಿರಿಗೆ ಕಾರು ನಡೆಸಿದೆ. ಮನೆಯವರು ಎಡಗಡೆ ಕೂತು ಬುತ್ತಿಯ ಚೀಲವನ್ನು ಮಡಿಲಲ್ಲಿ ಹಿಡಿದಿದ್ದರು. ಭೀಮಾ ನದಿಯ ಸೇತುವೆ ದಾಟುವಾಗ ನೀರು ಕಡಿಮೆ ಇತ್ತು, ಮೀನು ಹಿಡಿಯುವವರ ಬುಟ್ಟಿದೋಣಿ ಒಂದು ನಿಂತಲ್ಲೇ ತಿರುಗುತ್ತಿತ್ತು. ಮುದನಾಳದ ಹತ್ತಿರ ಕುರಿಯ ಹಿಂಡು ಅಡ್ಡ ಬಂತು. ನಿಂತೆ, ಕಾದೆ, ಮತ್ತೆ ಹೊರಟೆ, ಗಾಡಿ ಆಫ್ ಆಗಲಿಲ್ಲ. ಮನೆಯವರು ಬುತ್ತಿಯ ಚೀಲವನ್ನು ಸ್ವಲ್ಪ ಸಡಿಲ ಹಿಡಿದರು.

ಪರೀಕ್ಷೆಯ ಮೈದಾನದಲ್ಲಿ ಹಿಂದಿನ ಸಲದ ಇನ್ಸ್‌ಪೆಕ್ಟರೇ ಇದ್ದರು. ಪಕ್ಕದಲ್ಲಿ ಕೂತು ಎಂಟರ ಆಕಾರದಲ್ಲಿ ಓಡಿಸಲು ಹೇಳಿದರು, ಹಿಂದಕ್ಕೆ ತಗೊಳ್ಳಲು ಹೇಳಿದರು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಲು ಹೇಳಿದರು. ನನ್ನ ಬೆನ್ನೆಲ್ಲ ಬೆವರಾಗಿತ್ತು. ಆದರೆ ಕಾಲಿನ ಕೆಳಗಿನ ಕ್ಲಚ್ಚು ನನ್ನದೇ, ಬಲಕ್ಕೆ ತಿರುಗುವಾಗ ಭಾರ ಹೊರುವ ಎಡಗಾಲಿಯೂ ನನ್ನದೇ. ಅದು ಹೇಗೆ ಒಳಗೆ ಕೂತಿದೆ ಎಂದು ಆ ಮೈದಾನದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಕೊನೆಗೆ ಅವರು ಕಾಗದದಲ್ಲಿ ಏನೋ ಬರೆದು, ಪ್ರಾಕ್ಟೀಸು ಚೆನ್ನಾಗಿ ಮಾಡಿದ್ದೀರಿ, ಪಾಸ್ ಎಂದು ಇಳಿದು ಹೋದರು. ಬೇವಿನ ಗಿಡದ ಕೆಳಗಿದ್ದ ಮನೆಯವರು ಹನ್ನೊಂದು ವರ್ಷದ ರೂಢಿಯಂತೆ ಸೀದಾ ಬಲಗಡೆಯ ಬಾಗಿಲಿಗೆ ಬಂದರು. ನಾನು ಒಳಗಿನಿಂದ ಅವರನ್ನು ನೋಡಿದೆ. ತಲೆ ಕೆರೆದುಕೊಂಡು ಕಾರು ಸುತ್ತಿ ಎಡಕ್ಕೆ ಹೋದರು.

ಅಂದು ಮನೆಗೆ ಹೋಗದೆ ಸೀದಾ ಶಿರವಾಳಕ್ಕೆ ಹೋದೆವು. ಅಪ್ಪ ಕುಲುಮೆಯ ಮುಂದೆ ಕೂತಿದ್ದ. ನಾನು ಮೊದಲು ಪಾಸಾದ ಸುದ್ದಿ ಹೇಳಲಿಲ್ಲ, ಚೀಲದಿಂದ ಸುಟ್ಟ ಬೇರಿಂಗನ್ನು ತೆಗೆದು ಅವನ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಮುಚ್ಚಿಟ್ಟಿದ್ದರೆ ಅದು ನನ್ನೊಳಗೇ ಗುಂಯ್ ಎನ್ನುತ್ತಿತ್ತು. ಅಪ್ಪ ಅದನ್ನು ತಿರುಗಿಸಿ ನೋಡಿ, ಕೆಮ್ಮು ಬರುವವರೆಗೆ ನಕ್ಕ.

"ಹಳಿ ಕಾಸೂದು ಕಲಿಸೀನಿ," ಎಂದ. "ಯಾವುದು ಹಳಿ ಅನ್ನೂದು ಕಲಿಸೂದು ಮರ್ತೆ ನೋಡು."

ಆಮೇಲೆ ಎದ್ದು ಬಂದು ಕಾರಿನ ಎಡಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಅದನ್ನು ತಟ್ಟಿ ನೋಡಿದ. ನಿಂತ ಗಾಲಿ ಏನು ಹೇಳುತ್ತದೆ, ನಡೆಸು ನೋಡೋಣ ಎಂದ. ಅಪ್ಪನಿಗೆ ನಾನು ಎಂದೂ ಬಹುವಚನ ಹಚ್ಚಿದವಳಲ್ಲ, ನಮ್ಮ ಮನೆಯಲ್ಲಿ ಆ ರೂಢಿಯಿಲ್ಲ. ಅಂದು ಮುಂದಿನ ಬಾಗಿಲು ತೆರೆದು ಹಿಡಿದು, "ಬರ್ರಿ, ಕೂಡ್ರಿ" ಎಂದೆ. ಅವನು ನನ್ನ ಮುಖ ನೋಡಿ, ಧೋತರ ಎತ್ತಿ ಹಿಡಿದು ಕೂತ. ಮನೆಯವರು ಯಾರೂ ಹೇಳದೆಯೇ ಹಿಂದಿನ ಸೀಟಿಗೆ ಹೋಗಿದ್ದರು.

ಊರು ದಾಟಿ ಹೊಲಗಳ ನಡುವಿನ ರಸ್ತೆಗೆ ಬಂದೆವು. ಅಪ್ಪ ಕಿಟಕಿಯ ಗಾಜು ಇಳಿಸಿ, ಕಿವಿ ಹೊರಗೆ ಮಾಡಿ ಕೂತಿದ್ದ. ನಾನು ಬೇಕೆಂದೇ ಒಂದು ತಿರುವಿನಲ್ಲಿ ಬಲಕ್ಕೆ ಹೊರಳಿಸಿದೆ, ಇನ್ನೊಂದರಲ್ಲಿ ಎಡಕ್ಕೆ. ಸ್ಟೀರಿಂಗಿನ ಮೇಲಿದ್ದ ನನ್ನ ಕೈಗಳನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಕಿವಿ ಒಳಗೆ ತೆಗೆದುಕೊಂಡು ಬೆನ್ನು ಆನಿಸಿದ.

"ಚಲೋ ಕೂತದ ಬಿಡು," ಎಂದ.

ಹಿಂದಿನಿಂದ ಮನೆಯವರು ಹೆಮ್ಮೆಯಿಂದ ಮುಂದೆ ಬಗ್ಗಿದರು. "ಹೌದ್ರಿ ಮಾವಾರ, ಬೇರಿಂಗ್ ಒಂದ ಏಟಿಲ್ದ ಕೂತದ ನೋಡ್ರಿ."

"ಬೇರಿಂಗಿಂದು ಯಾರು ಕೇಳ್ಯಾರ್ರಿ?" ಎಂದ ಅಪ್ಪ.

ನಾನು ಗೇರು ಬದಲಿಸಿದೆ.